ಬಚ್ಚಲಿಗೂ ಹಿತ್ತಲ ಬಾಗಿಲಿಗೂ ನಡುವೆ

ಮಗಳ ಬಾಣಂತನ ಮುಗಿಸಿ ಐರ್ಲೆಂಡಿನಿಂದ ಬಂದ ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ನೀರೊಲೆಗೆ ಬೆಂಕಿ ಹಾಕಿದ್ದು. ಕಾಫಿ ಕುಡಿಯುವುದಕ್ಕೂ ಮೊದಲು. ನಾಲ್ಕು ತಿಂಗಳು ಗಾಜಿನ ಪೆಟ್ಟಿಗೆಯೊಳಗೆ ನಿಂತು ಸ್ನಾನ ಮಾಡಿದ್ದೆ. ಅದನ್ನು ಸ್ನಾನ ಎನ್ನಲು ನನಗೆ ಮನಸ್ಸಿಲ್ಲ. ಯಾರೋ ಜಿಪುಣರು ಮೇಲಿನಿಂದ ನೀರು ಚಿಮುಕಿಸಿದಂತಿರುತ್ತಿತ್ತು. ಮಗಳು ಅಲ್ಲಿ ನರ್ಸ್. ಒಳ್ಳೆಯ ಮನೆ, ಒಳ್ಳೆಯ ಅಳಿಯ, ಮುದ್ದಾದ ಮೊಮ್ಮಗಳು, ಯಾವುದಕ್ಕೂ ಹೆಸರಿಡುವ ಹಾಗಿಲ್ಲ. ಆದರೆ ಸಾರಿಗೆ ಒಗ್ಗರಣೆ ಹಾಕಿದರೆ ಸಾಕು, ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತಿತ್ತು. ಸಾಸಿವೆ ಸಿಡಿಸಲು ಹೆದರಿಕೊಂಡು ಬದುಕುವುದೂ ಒಂದು ಬದುಕೇ? ಒಂದು ದಿನ ಮಗಳು ಪ್ರೀತಿಯಿಂದ ಹಲಸಿನ ಕಾಯಿ ತಂದಳು, ತಗಡಿನ ಡಬ್ಬಿಯಲ್ಲಿ, ಉಪ್ಪುನೀರಿನೊಳಗೆ ಹಾಕಿದ್ದು. ಆ ಸಂಜೆ ಫೋನಿನಲ್ಲಿ ಯಜಮಾನರ ಹತ್ತಿರ ಆ ಡಬ್ಬಿಯನ್ನು ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು.

ನಮ್ಮ ಮನೆ ಕುಶಾಲನಗರದಿಂದ ಸ್ವಲ್ಪ ಒಳಗೆ, ಕಾಡಿನ ಅಂಚಿನಲ್ಲಿದೆ. ನಮ್ಮ ಮಾವನವರು ಹಾಸನದ ಕಡೆಯಿಂದ ಬಂದು ಮಾಡಿದ ಪುಟ್ಟ ಕಾಫಿ ತೋಟ. ಬಚ್ಚಲು ಮನೆಗೆ ಅಂಟಿಕೊಂಡಿಲ್ಲ. ಹಿತ್ತಲ ಬಾಗಿಲಿನಿಂದ ಇಳಿದು ಅಂಗಳ ದಾಟಿ ಹೋಗಬೇಕು. ಮನೆಯೊಳಗೇ ಒಂದು ಕಟ್ಟಿಸೋಣ ಎಂದು ಯಜಮಾನರು ಹೇಳಿದಾಗಲೆಲ್ಲ ಬೇಡವೆಂದವಳು ನಾನೇ. ನನಗೆ ಆ ಮಸಿ ಹಿಡಿದ ಹಂಡೆಯೇ ಬೇಕು, ಕಾಫಿ ಸೌದೆಯ ಹೊಗೆಯೇ ಬೇಕು.

ಮೊದಲ ಚೊಂಬು ನೀರು ಹೆಗಲ ಮೇಲೆ ಬಿದ್ದಾಗ ಬಾಯಿಂದ ತಾನಾಗಿ 'ಅಬ್ಬಾ' ಎಂದು ಬಂತು. ಚರ್ಮ ಕೆಂಪಾಗುವಷ್ಟು ಬಿಸಿ. ಹೊಯ್ದುಕೊಂಡೆ, ಹೊಯ್ದುಕೊಂಡೆ, ಹಂಡೆಯ ತಳ ಕಾಣುವ ತನಕ ಹೊಯ್ದುಕೊಂಡೆ. ಆಮೇಲೆ ನೋಡಿದರೆ ಒರೆಸಿಕೊಳ್ಳಲು ಏನೂ ತಂದಿರಲಿಲ್ಲ. ಮಗಳ ಮನೆಯ ಬಚ್ಚಲಲ್ಲಿ ಟವೆಲ್ ಸದಾ ಗೋಡೆಯ ಮೇಲೇ ಇರುತ್ತಿತ್ತು, ನನಗೆ ಅದೇ ಅಭ್ಯಾಸವಾಗಿತ್ತು.

"ರೀ, ಒಂದು ಟವೆಲ್ ತಗೊಂಡ್ಬನ್ನಿ!" ಎಂದು ಕೂಗಿದೆ.

"ತಂದೆ, ತಂದೆ," ಎಂದರು ಒಳಗಿನಿಂದ.

ಹಳೆಯ ಸೀರೆಯನ್ನೇ ಸುತ್ತಿಕೊಂಡು ನಿಂತೆ. ಆಗ ಬೆಳಕಿಂಡಿಯಿಂದ ಹಲಸಿನ ಹಣ್ಣಿನ ವಾಸನೆ ಬಂತು. ಮೂಗರಳಿಸಿ ಎಳೆದುಕೊಂಡೆ. ಮರುಕ್ಷಣವೇ ಎದೆ ಧಸಕ್ಕೆಂದಿತು. ನಮ್ಮ ಕಡೆ ಹಲಸನ್ನು ಮರದಲ್ಲಿ ಹಣ್ಣಾಗಲು ಬಿಡುವುದಿಲ್ಲ. ಬಲಿಯುವ ಮೊದಲೇ ಕಾಯಿಗಳನ್ನೆಲ್ಲ ಇಳಿಸಿ, ಪಲ್ಯಕ್ಕೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ದನಗಳಿಗೆ ಹಾಕುತ್ತೇವೆ. ಹಣ್ಣಿನ ವಾಸನೆ ಹಿಡಿದರೆ ಆನೆ ಅಂಗಳಕ್ಕೇ ಬರುತ್ತದೆ. ಹಾಗಿದ್ದರೆ ಈ ವಾಸನೆ ಎಲ್ಲಿಂದ?

ಬಚ್ಚಲ ಪಕ್ಕದ ಹಲಸಿನ ಮರದಲ್ಲಿ ಕೊಂಬೆಯೊಂದು ಲಟಕ್ಕನೆ ಮುರಿಯಿತು.

ಬೆಳಕಿಂಡಿಯಲ್ಲಿ ಇಣುಕಿದೆ. ಮೊದಲು ಕಂಡಿದ್ದು ಕೆಸರು ಮೆತ್ತಿದ ಕಾಲು. ಆಮೇಲೆ ದಂತ. ಒಂಟಿ ಆನೆ, ಬಚ್ಚಲಿಗೂ ಹಿತ್ತಲ ಬಾಗಿಲಿಗೂ ನಡುವೆ. ಅಷ್ಟು ದೊಡ್ಡ ದೇಹ ಸದ್ದೇ ಇಲ್ಲದೆ ಬಂದು ನಿಂತಿತ್ತು.

ಟವೆಲ್ ಹಿಡಿದು ಅವರು ಈಗ ಹೊರಗೆ ಬರುತ್ತಾರೆ. ತಲೆ ತಗ್ಗಿಸಿ ನಡೆಯುವ ಮನುಷ್ಯ, ನೇರ ಅದರ ಸೊಂಡಿಲಿಗೇ ಬಂದು ತಾಗುತ್ತಾರೆ. ಕೂಗಿ ಹೇಳೋಣವೆಂದರೆ ನನ್ನ ಕಿರುಚಾಟ ಕೇಳಿ ಇನ್ನೂ ಬೇಗ ಓಡಿ ಬರುತ್ತಾರೆ. ಕೂಗದಿದ್ದರೂ ಬರುತ್ತಾರೆ. ಬಾಯಿಗೆ ಒದ್ದೆ ಸೆರಗು ತುರುಕಿಕೊಂಡು ನಿಂತೆ. ಬೀರುವಿನಲ್ಲಿ ಟವೆಲ್ ಸಿಗದಿರಲಿ ದೇವರೇ, ಎಂದು ಬೇಡಿಕೊಂಡೆ. ನಾನಿಲ್ಲದಾಗ ಬೀರುವನ್ನು ಅವರು ಚೆಲ್ಲಾಪಿಲ್ಲಿ ಮಾಡಿಟ್ಟಿದ್ದಾರೆಂದು ಹಿಂದಿನ ದಿನವಷ್ಟೇ ಬೈದಿದ್ದೆ.

ಚಿಲಕ ತೆಗೆದ ಸದ್ದಾಯಿತು.

ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಸ್ತಿಲು ದಾಟಿ ಮೆಟ್ಟಿಲಿಗೆ ಕಾಲಿಟ್ಟರು. ಆನೆಯ ಕಿವಿ ಬೀಸುವುದು ನಿಂತಿತು. ಅವರು ತಲೆಯೆತ್ತಿದರು. ಒಳಗೆ ಹೋಗಿ, ಬಾಗಿಲು ಹಾಕಿಕೊಳ್ಳಿ ಎಂದು ಬೆಳಕಿಂಡಿಯಿಂದ ಕೈ ಆಡಿಸಿದೆ. ಅವರು ನನ್ನ ಕಡೆ ನೋಡಿದರು. ಅಂಗೈ ಮೆಲ್ಲಗೆ ಎತ್ತಿ, ಅಲ್ಲೇ ಇರು ಎಂಬಂತೆ ತೋರಿಸಿದರು. ಮತ್ತೆ ಕೈ ಆಡಿಸಿದೆ. ಇಲ್ಲವೆಂದು ತಲೆಯಾಡಿಸಿ ಮೆಟ್ಟಿಲ ಮೇಲೇ ನಿಂತರು. ಆ ಹೊತ್ತಿನಲ್ಲಿ ನನಗೆ ಆನೆಗಿಂತ ಅವರ ಮೇಲೇ ಹೆಚ್ಚು ಸಿಟ್ಟು ಬಂತು.

ಆನೆ ಒಂದು ಹೆಜ್ಜೆ ಅವರತ್ತ ಇಟ್ಟಿತು. ಅವರು ಕದಲಲಿಲ್ಲ. ಅದಕ್ಕೆ ಏನನ್ನಿಸಿತೋ, ತಿರುಗಿ ಮರಕ್ಕೆ ಸೊಂಡಿಲು ಚಾಚಿತು. ಹಣ್ಣು ಕಿತ್ತು ಕೆಳಗೆ ಹಾಕಿ, ಕಾಲಿನಿಂದ ಒತ್ತಿ ಒಡೆದು ತಿಂದಿತು. ಇನ್ನೊಂದು ಹಣ್ಣನ್ನೂ ಕಿತ್ತಿತು. ತಿನ್ನುವ ಆ ಚಪ್ಪರಿಕೆ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕೊನೆಗೆ ಬೇಲಿ ಮೆಟ್ಟಿಕೊಂಡು ಕಾಫಿ ಗಿಡಗಳ ನಡುವೆ ಇಳಿದು ಹೋಯಿತು.

ದೂರದ ತೋಟದಲ್ಲಿ ಯಾರೋ ಆನೆ ಓಡಿಸಲು ಪಟಾಕಿ ಹೊಡೆದ ಸದ್ದು ಕೇಳಿದ ಮೇಲೆ ನಾನು ಹೊರಗೆ ಬಂದೆ. ಒದ್ದೆ ಸೀರೆಯಲ್ಲೇ ಅಂಗಳದ ನಡುವೆ ನಿಂತು ಬಾಯಿಗೆ ಬಂದಂತೆ ಬೈದೆ.

"ಹಲಸು ಯಾಕ್ರೀ ಇಳಿಸ್ಲಿಲ್ಲ? ಬುದ್ಧಿ ಬೇಡ್ವಾ?"

"ಬೇರೆ ಮರದ್ದೆಲ್ಲ ಇಳ್ಸಿದೀನಿ ಕಣೇ. ನೀನು ಅಲ್ಲಿ ಡಬ್ಬಿದು ತಿಂದೆ ಅಂದ್ಯಲ್ಲ. ಬಂದ್ಮೇಲೆ ಒಂದ್ ಹಣ್ಣು ತಿನ್ಲಿ ಅಂತ ಇದೊಂದ್ ಮರ ಬಿಟ್ಟಿದ್ದೆ."

"ಹಣ್ಣು ಹಾಳಾಗ್ಲಿ! ಆನೆ ಕಂಡ್ಮೇಲಾದ್ರೂ ಒಳಗೋಗಿ ಬಾಗ್ಲು ಹಾಕ್ಕೊಳ್ಳೋಕೆ ಏನ್ ಧಾಡಿ ನಿಮ್ಗೆ?"

ಅವರು ನನ್ನ ಮುಖ ನೋಡಲಿಲ್ಲ. ಮುರಿದ ಬೇಲಿಯ ಕಡೆಗೇ ನೋಡುತ್ತಾ, "ಬಾಗ್ಲು ಹಾಕ್ಕೊಂಡ್ರೆ ನೀನು ಕಾಣ್ತಿರ್ಲಿಲ್ಲ," ಎಂದರು.

ಇನ್ನೂ ಬೈಯುವುದಿತ್ತು. ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅವರೂ ಕುಳಿತು ನನ್ನ ಮಂಡಿಯ ಮೇಲೆ ಕೈಯಿಟ್ಟರು. ಇನ್ನೊಂದು ಕೈಯಿಂದ ಹೆಗಲ ಮೇಲಿದ್ದ ಟವೆಲ್ ತೆಗೆದು ನನ್ನ ತಲೆಗೆ ಹೊದಿಸಿದರು.