ಫ್ರೆಂಚ್ ಕ್ರಾಂತಿಯ ಪಾರಾಯಣ

ಮಳವಳ್ಳಿಯ ಪುರೋಹಿತ ಯೋಗಾನರಸಿಂಹನಿಗೆ ತಲೆ ನರೆಯುವ ಹೊತ್ತಿಗೆ ಬಿ.ಎ. ಮಾಡುವ ಗ್ರಹಚಾರ ವಕ್ಕರಿಸಿತು. ಬೆಳಿಗ್ಗೆ ಮನೆಮನೆಯ ವ್ರತ, ತಿಥಿ ಮುಗಿಸಿಕೊಂಡು, ಹಗಲು ಊರಿನ ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರಾಗಿ ಚರಿತ್ರೆ ಹೇಳುತ್ತಿದ್ದ. ಬರೀ ಪಿ.ಯು.ಸಿ. ಓದಿದವನು ಹೈಸ್ಕೂಲಿಗೆ ಪಾಠ ಹೇಳುವುದು ಹೇಗೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ತಪಾಸಣೆಗೆ ಬಂದ ಸಾಹೇಬರೊಬ್ಬರಿಗೆ ಹೊಳೆಯಿತು. ಶಾಲೆಯ ಆಡಳಿತ ಮಂಡಳಿಯವರು ಕರೆಸಿ, ಬಿ.ಎ. ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಪಂಚಾಂಗವೇ ಗತಿ ಎಂದರು. ಪಂಚಾಂಗದಿಂದ ಸಂಸಾರ ಸಾಗುವಂತಿದ್ದರೆ ಅವನು ಶಾಲೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಹೀಗೆ ಅಂಚೆಯಲ್ಲಿ ಪಾಠ ಕಳಿಸುವ ಸಂಸ್ಥೆಯೊಂದಕ್ಕೆ ಸೇರಿಕೊಂಡ. ಮೊದಲ ವರ್ಷಗಳು ಹೇಗೋ ದಾಟಿದವು. ಕೊನೆಗೆ ಉಳಿದದ್ದು ಚರಿತ್ರೆಯ ಒಂದು ಪತ್ರಿಕೆ. ೧೯೭೮ರಲ್ಲಿ ಸಂಸ್ಥೆಯವರಿಗೆ ಎಲ್ಲಿಲ್ಲದ ಉತ್ಸಾಹ ಬಂದು, ಅಚ್ಚಾದ ಪಾಠಗಳ ಜೊತೆಗೆ ಪ್ರಾಧ್ಯಾಪಕರ ಉಪನ್ಯಾಸಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸಿಬಿಟ್ಟರು. ಅವನ ಹೆಂಡತಿ ಗೋದಾಳ ಅಣ್ಣ ಶ್ಯಾಮಣ್ಣ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ. ಅವನು ಭಾವನ ಮೇಲಿನ ಅಭಿಮಾನದಿಂದ ತನ್ನ ಟೇಪ್ ರೆಕಾರ್ಡರ್ ಕೊಟ್ಟ. ಕರೆಂಟನ್ನೂ ಕೊಡುವುದು ಮಾತ್ರ ಅವನ ಕೈಯಲ್ಲಿರಲಿಲ್ಲ. ಅಲ್ಲಿ ತಯಾರಾದ ಕರೆಂಟು ಮಳವಳ್ಳಿಗೆ ಬಿಡುವಾದಾಗ ಬರುತ್ತಿತ್ತು, ಆದ್ದರಿಂದ ಬ್ಯಾಟರಿ ಸೆಲ್ಲು ಹಾಕಿದರು.

ಯೋಗಾನರಸಿಂಹ ಆ ಯಂತ್ರವನ್ನು ಮಣೆಯ ಮೇಲಿಟ್ಟು, ಸ್ನಾನ ಮಾಡಿ ಎದುರಿಗೆ ಕೂತ. ಅವರ ವಂಶದಲ್ಲಿ ವಿದ್ಯೆ ಕಿವಿಯಿಂದ ಬರಬೇಕು. ಗುರು ಒಮ್ಮೆ ಹೇಳಿದ್ದನ್ನು ಶಿಷ್ಯ ಎರಡೆರಡು ಸಲ ಹೇಳಿ ಬಾಯಿಗೆ ಹಾಕಿಕೊಳ್ಳಬೇಕು. ಪುಸ್ತಕ ನೋಡಿ ಓದುವವನನ್ನು ಅವನ ತಂದೆ ತಿರುನಾರಾಯಣಾಚಾರ್ಯರು ಮನುಷ್ಯನೆಂದೇ ಎಣಿಸಿದವರಲ್ಲ. ಹಾಗಾಗಿ ಅಚ್ಚಾದ ಪಾಠಗಳ ಕಟ್ಟು ದಾರ ಬಿಚ್ಚದೆ ಅಟ್ಟ ಸೇರಿತು. ಪ್ರಾಧ್ಯಾಪಕರು "ಪ್ರಿಯ ವಿದ್ಯಾರ್ಥಿಗಳೇ" ಎಂದರೆ ಇವನೂ ಎರಡು ಸಲ "ಪ್ರಿಯ ವಿದ್ಯಾರ್ಥಿಗಳೇ" ಎಂದ. ಅವರು ಕೆಮ್ಮಿದರೆ ಇವನೂ ಕೆಮ್ಮಿದ. ಎರಡನೆಯ ಸಲ ಹೇಳುವಷ್ಟರಲ್ಲಿ ತಪ್ಪಿಹೋದ ಮಾತನ್ನು ಮರುದಿನ ಮೊದಲಿನಿಂದ ಹಾಕಿ ಹಿಡಿದ. ಸೆಲ್ಲು ಸೋತು ಪ್ರಾಧ್ಯಾಪಕರ ದನಿ ಎಳೆದೆಳೆದು ಪಾತಾಳಕ್ಕಿಳಿದ ಕಡೆ ಇವನ ದನಿಯೂ ಹಾಗೇ ಇಳಿಯಿತು. ಲೂಯಿ ದೊರೆ, ಅವನ ರಾಣಿ, ಬ್ರೆಡ್ಡಿಲ್ಲದ ಪ್ಯಾರಿಸಿನ ಜನ ಎಲ್ಲರೂ ಏರುದನಿ ಇಳಿದನಿಗಳಲ್ಲಿ ಸ್ವರಬದ್ಧವಾಗಿ ನಡುಮನೆಯಲ್ಲಿ ಓಡಾಡತೊಡಗಿದರು.

ಭಾನುವಾರ ನಿಡಘಟ್ಟದಿಂದ ಹೊನ್ನಯ್ಯ ಬರುತ್ತಿದ್ದ. ಅಲ್ಲಿನ ಸೊಸೈಟಿಯಲ್ಲಿ ಗುಮಾಸ್ತೆ. ಅವನದೂ ಅದೇ ಕೋರ್ಸು. ಸ್ವಂತ ಟೇಪ್ ರೆಕಾರ್ಡರ್ ಇಲ್ಲದ ಕಾರಣ ಇಲ್ಲಿ ಜಗಲಿಯ ಮೇಲೆ ಕೂತು ಕೇಳುತ್ತಿದ್ದ. ಕೇಳುತ್ತಿದ್ದ ಎಂದರೆ ತಪ್ಪಾದೀತು. ಕ್ರಾಂತಿ ಶುರುವಾಗುವ ಮೊದಲೇ ಅವನ ಗೊರಕೆ ಶುರುವಾಗುತ್ತಿತ್ತು.

ಗೋದಾ ಒಂದು ದಿನ ಅಡುಗೆಮನೆಯಿಂದಲೇ ಕೇಳಿದಳು. "ಏನೂಂದ್ರೆ, ಆ ರಾಣಿ ತಲೆ ಯಾಕೆ ಕತ್ತರಿಸಿದ್ರು, ಪಾಪ?"

"ಬಂದೆ ತಾಳು," ಎಂದು ಯೋಗಾನರಸಿಂಹ ಕಣ್ಣು ಮುಚ್ಚಿದ. "ಪ್ರಿಯ ವಿದ್ಯಾರ್ಥಿಗಳೇ, ಇಂದಿನ ಉಪನ್ಯಾಸದಲ್ಲಿ..."

"ಅಯ್ಯೋ, ಮೊದಲಿಂದ ಯಾಕೆ? ನೀವು ಅಲ್ಲಿಗೆ ಬರೋ ಹೊತ್ತಿಗೆ ಬೇಳೆ ಸೀದುಹೋಗತ್ತೆ."

"ನಡುವಿಂದ ಹೇಳಕ್ಕೆ ಇದೇನು ಹರಟೆಯೇನೆ?" ಎಂದು ಅವನು ಸಿಡುಕಿದ. ನಡುವಿನಿಂದ ಹೇಳಲು ಅವನಿಗೆ ಬರುತ್ತಲೂ ಇರಲಿಲ್ಲ. ಅದನ್ನು ಮಾತ್ರ ಹೇಳಲಿಲ್ಲ.

ಪರೀಕ್ಷೆ ಮಂಡ್ಯದಲ್ಲಿ. ಕ್ರಾಂತಿಗೆ ಕಾರಣಗಳೇನು ಎಂಬ ಪ್ರಶ್ನೆ ಕಂಡು ಯೋಗಾನರಸಿಂಹನಿಗೆ ಹಿಗ್ಗೋ ಹಿಗ್ಗು. ಬಾಯಲ್ಲಿ ಗುನುಗುತ್ತ ಮೊದಲಿನಿಂದ ಬರೆಯಲು ಕೂತ. ಮೇಲ್ವಿಚಾರಕರು ಎರಡು ಸಲ ಹತ್ತಿರ ಬಂದು, ಯಾವುದೋ ಮಂತ್ರವಿರಬೇಕೆಂದು ಹೆದರಿ ಹಿಂದಕ್ಕೆ ಹೋದರು. ಕಾರಣಗಳು ಇನ್ನೇನು ಬರಬೇಕು ಎನ್ನುವಾಗ ಗಂಟೆ ಹೊಡೆಯಿತು. ಪ್ರಾಧ್ಯಾಪಕರು ಉಪನ್ಯಾಸದ ಪೀಠಿಕೆಯನ್ನು ಸ್ವಲ್ಪ ಧಾರಾಳವಾಗಿಯೇ ಹೇಳಿದ್ದರು.

ಹೊನ್ನಯ್ಯ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಗೈಡು ತಿರುವಿ ಹಾಕಿ ಪಾಸಾದ. ಸಮಾಧಾನ ಹೇಳಲು ಬಂದವನು ಇದ್ದದ್ದನ್ನು ಇದ್ದ ಹಾಗೇ ಹೇಳಿದ. "ಅಲ್ಲ ಅಯ್ನೋರೆ, ಎಲ್ಲಾ ಗೊತ್ತಿದ್ದೂ ನೀವ್ ನಪಾಸಾದ್ರಿ, ಏನೂ ಗೊತ್ತಿಲ್ದೆ ನಾ ಪಾಸಾದೆ. ಬುಡಿ ಅತ್ಲಾಗೆ, ಯೋಚ್ನೆ ಮಾಡ್ಬೇಡಿ."

ಆಡಳಿತ ಮಂಡಳಿಯವರು ಇನ್ನೊಂದೇ ಅವಕಾಶ ಎಂದರು. ಯೋಗಾನರಸಿಂಹ ಮತ್ತೆ ಮಣೆಯ ಮುಂದೆ ಕೂತು ಮೊದಲಿನಿಂದ ಶುರುಮಾಡಿದ. ಗೋದಾ ಸೌಟು ಕೆಳಗಿಟ್ಟು ಬಂದು, ಅರಿಸಿನದ ಬೆರಳಿನಿಂದ ಯಂತ್ರದ ಗುಂಡಿ ಒತ್ತಿದಳು. ಪ್ರಾಧ್ಯಾಪಕರು ಮಾತಿನ ಮಧ್ಯೆಯೇ ಬಾಯಿ ಮುಚ್ಚಿದರು. ಗುರುವಿನ ಮಾತು ತಡೆಯುವುದು ಪಾಪವೆಂದು ನಂಬಿ ಅವನು ಆವರೆಗೆ ಮುಟ್ಟದೆ ಇದ್ದ ಗುಂಡಿ ಅದು.

"ಈಗ ಏನಂದ್ರು ಅವ್ರು? ಅವ್ರ ಮಾತಲ್ಲಿ ಬೇಡ, ನಿಮ್ಮ ಮಾತಲ್ಲಿ ಹೇಳಿ."

"ನನ್ನ ಮಾತು ಅಂತ ಏನಿದೆಯೇ ಇದರಲ್ಲಿ?"

"ಇಲ್ಲ ಅಂತಲೇ ನಪಾಸಾಗಿದ್ದು. ಹೇಳಿ."

ಅವನು ಕೂಗಾಡಿದ, ಒಂದು ಹೊತ್ತು ಊಟ ಬಿಟ್ಟ. ಗೋದಾ ಜಪ್ಪಯ್ಯ ಅನ್ನಲಿಲ್ಲ. ಅಟ್ಟದಿಂದ ಪಾಠದ ಕಟ್ಟು ಇಳಿಸಿ, ಕಂಡ ಕಂಡ ಪುಟ ತೆಗೆದು ಪ್ರಶ್ನೆ ಕೇಳಿದಳು. ಹಾಲು ಕಾಯುವಾಗ ಕೇಳಿದಳು, ಅವನು ಪಂಚೆ ಉಡುವಾಗ ಕೇಳಿದಳು. "ಅಂದ್ರೆ ಏನು? ಯಾಕೆ?" ಈ ಎರಡರ ಕಾಟಕ್ಕೆ ಅವನ ಸರಾಗವಾದ ಪಾರಾಯಣ ಚೂರುಚೂರಾಯಿತು. ಮರುವರ್ಷ ಮಂಡ್ಯದಲ್ಲಿ ಕೂತು, ಯಾರ ಬಾಯಿಂದಲೂ ಕೇಳಿರದ ವಾಕ್ಯಗಳನ್ನು ತಾನೇ ಕಟ್ಟಿ ಬರೆದ. ಬರೆಯುವಾಗ ಕಳ್ಳತನ ಮಾಡಿದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಮೂರನೆಯ ದರ್ಜೆಯಲ್ಲಿ ಪಾಸಾದ. ಕೆಲಸ ಖಾಯಂ ಆಯಿತು. ತಪಾಸಣೆಯ ಸಾಹೇಬರು ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು, ಹೊಸಬರಿಗೆ ಈ ವಿಷಯದಲ್ಲಿ ಆಸಕ್ತಿಯೇ ಇರಲಿಲ್ಲ.

ಮುಂದಿನ ಲಗ್ನದ ಕಾಲಕ್ಕೆ ಹೊನ್ನಯ್ಯನ ತಂಗಿ ಮಲ್ಲಿಗಮ್ಮನ ಮದುವೆ ಬಂತು. ಬಿ.ಎ. ಪಾಸಾದ ಪುರೋಹಿತರೇ ಬೇಕೆಂದು ಹೊನ್ನಯ್ಯ ಹಟ ಹಿಡಿದು ಯೋಗಾನರಸಿಂಹನನ್ನು ನಿಡಘಟ್ಟಕ್ಕೆ ಕರೆದೊಯ್ದ. ಚಪ್ಪರದ ತುಂಬ ಜನ. ಮುಹೂರ್ತ ಹತ್ತಿರವಾಯಿತು. ಯೋಗಾನರಸಿಂಹ ಮಂತ್ರ ಹಿಡಿದ. ಎಂಟನೆಯ ವಯಸ್ಸಿನಲ್ಲಿ ತಂದೆಯ ಎದುರು ಕೂತು ಕಲಿತದ್ದು, ನಿದ್ದೆಯಲ್ಲಿ ಎಬ್ಬಿಸಿದರೂ ಹರಿಯುವಂಥದು.

ಹರಿಯುತ್ತಿದ್ದ ಮಂತ್ರದ ನಡುವೆ, ಅಂದರೆ ಏನು, ಎಂಬ ಪ್ರಶ್ನೆ ತಾನಾಗಿ ಎದ್ದಿತು. ಎದುರಿಗೆ ಕೂತ ಈ ಹುಡುಗಿಗೆ ತಾನು ಈಗ ಏನು ಹೇಳುತ್ತಿದ್ದೇನೆ? ಆಶೀರ್ವಾದವೋ, ಆಜ್ಞೆಯೋ, ಬೇಡಿಕೆಯೋ? ಇಷ್ಟು ವರ್ಷ ಇಷ್ಟು ಜನರಿಗೆ ಏನು ಹೇಳಿ ಮದುವೆ ಮಾಡಿಸಿದೆ? ನಾಲಿಗೆ ನಿಂತುಹೋಯಿತು. ಮುಂದಿನ ಪದ ಬರಲಿಲ್ಲ. ಮೊದಲಿನಿಂದ ಶುರುಮಾಡಿದರೆ ಬಂದೀತು, ಆದರೆ ಮುಹೂರ್ತ ಮೀರುತ್ತದೆ. ಅಪ್ಪನ ಮರ್ಯಾದೆ ಇಡೀ ಊರಿನೆದುರು ಮಣ್ಣುಪಾಲಾಯಿತು ಎಂದುಕೊಂಡು ಅವನು ಬಾಯಿ ತೆರೆದೇ ಕೂತ.

ಪುರೋಹಿತರು ಸುಮ್ಮನಾದದ್ದು ನೋಡಿ ವಾಲಗದವರು ಇದೇ ಸಮಯವೆಂದು ತಿಳಿದರು. ಯಾರೋ "ಗಟ್ಟಿಮೇಳ, ಗಟ್ಟಿಮೇಳ!" ಎಂದು ಕೂಗಿದರು. ಡೋಲು ಗುಡುಗಿತು, ಗಂಡು ತಾಳಿ ಕಟ್ಟಿಯೇಬಿಟ್ಟ, ನಾಲ್ಕೂ ಕಡೆಯಿಂದ ಅಕ್ಷತೆ ಬಿತ್ತು. ಮಂತ್ರ ಅರ್ಧಕ್ಕೆ ನಿಂತದ್ದು ಒಬ್ಬರಿಗೂ ತಿಳಿಯಲಿಲ್ಲ. ಪೂರ್ತಿ ಆಗಿದ್ದಾಗಲೂ ಯಾರಿಗೂ ತಿಳಿದಿರಲಿಕ್ಕಿಲ್ಲ ಎಂದು ಯೋಗಾನರಸಿಂಹನಿಗೆ ಆಗ ಅರಿವಾಯಿತು.

ಹೊನ್ನಯ್ಯ ಸ್ವಯಂಪಾಕದ ಅಕ್ಕಿ ಬೇಳೆಯನ್ನು ತಾನೇ ಹೊತ್ತುಕೊಂಡು ಬಸ್ಸಿನ ತನಕ ಬಂದ. ಮುಖ ಸಂತೋಷದಿಂದ ಅರಳಿತ್ತು.

"ಏನ್ ಸಂದಾಗ್ ಮಾಡ್ಸಿದ್ರಿ ಅಯ್ನೋರೆ! ನಿಮ್ಮಪ್ಪಾರಾಗಿದ್ರೆ ಇನ್ನೂ ಎಳೀತಿದ್ರು. ಓದ್ಕೊಂಡೋರು ಅಂದ್ರೆ ಇಂಗಿರ್ಬೇಕು ಕಣಿ, ಎಷ್ಟ್ ಬೇಕೋ ಅಷ್ಟು."

ಬಸ್ಸು ಮದ್ದೂರು ದಾಟುವವರೆಗೂ ಯೋಗಾನರಸಿಂಹ ಆ ಮಂತ್ರದ ಉಳಿದ ಅರ್ಧವನ್ನು ಹೇಳಿಕೊಳ್ಳಲು ನೋಡಿದ. ಅವನು ಬಾಯಿ ತೆರೆದು ಮುಚ್ಚುವುದನ್ನು ಕಂಡ ಪಕ್ಕದ ಮುದುಕಿ, ವಾಂತಿ ಬರುವಂತಿದೆಯೇನೋ ಎಂದು ಕಿಟಕಿಯ ಸೀಟು ಬಿಟ್ಟುಕೊಟ್ಟಳು.