ಗೆಜ್ಜೆಸರದ ಸದ್ದಿನಲ್ಲಿ ಕೇಳದ ಸೀಟಿ

೧೯೪೧ರ ಫೆಬ್ರುವರಿ ೧೮, ಮುಂಜಾನೆ ಏಳೂವರೆ ಗಂಟೆ. ಕೊಪ್ಪಳದ ಹೊರಗೆ, ಗೇಟಾಗಲಿ ಕಾವಲುಗಾರನಾಗಲಿ ಇಲ್ಲದ ಕಡೆ, ಹತ್ತಿ ಹೇರಿದ ಬಂಡಿಯೊಂದು ರೈಲು ಹಳಿ ಏರುತ್ತಿತ್ತು. ರೈಲು ಸೀಟಿ ಹಾಕುತ್ತಲೇ ಬಂತು. ಹಿಂದೆ ನಡೆದು ಬರುತ್ತಿದ್ದ ನಾನು, “ನಿಲ್ಲಸ್ರೀ, ರೈಲು ಬಂತು!” ಎಂದು ಕೂಗಿದೆ. ಎತ್ತುಗಳ ಕೊರಳಿನ ಗೆಜ್ಜೆಸರದ ಸದ್ದಿನಲ್ಲಿ ಬಂಡಿಯವನಿಗೆ ಎರಡೂ ಕೇಳಲಿಲ್ಲ. ರೈಲು ಬಂಡಿಗೆ ಬಡಿಯಿತು.

ಬಂಡಿ ಹೊಡೆಯುತ್ತಿದ್ದ ಅಳವಂಡಿಯ ದ್ಯಾಮಣ್ಣ ಪಕ್ಕದ ಹೊಲಕ್ಕೆ ಬಿದ್ದು ಉಳಿದ. ಹತ್ತಿಯ ಮೇಲೆ ಕುಳಿತಿದ್ದ ಅವನ ಹೆಂಡತಿ ಉಳಿಯಲಿಲ್ಲ. ಜನ ನೀರು ಕುಡಿಸಲು ಹೋದರೆ ಅವನು ಹಳಿಯ ಕಲ್ಲುಗಳ ನಡುವೆ ಗೆಜ್ಜೆ ಆರಿಸುತ್ತಿದ್ದ.

“ಇವನ್ನ ಕಟ್ಟಿದಾಕಿ ಅಕೀನರಿ. ಹಾದ್ಯಾಗ ಯಾರ ದೃಷ್ಟೀನೂ ತಾಕಬಾರದಂತ ಕಟ್ಟಿದ್ಲು,” ಎಂದ.

ವರ್ಷವಾಯಿತು, ಗೇಟು ಬಂದಿಲ್ಲ. ನಿನ್ನೆ ಅಲ್ಲಿಯೇ ಒಬ್ಬ ಬಂಡಿಯವನಿಗೆ, ಹಳಿ ದಾಟುವಷ್ಟು ಹೊತ್ತಾದರೂ ಗೆಜ್ಜೆ ಬಿಚ್ಚಿರಿ ಎಂದೆ. “ಹುಚ್ಚದೀಯೇನೋ ತಮ್ಮಾ? ಹೆಣ್ಮಗಳು ಸತ್ತ ಜಾಗಾ ಇದು. ಅದಕ್ಕಂತನ ಇನ್ನೊಂದು ಸರಾ ಜಾಸ್ತಿ ಕಟ್ಟೇನಿ,” ಎಂದು ಬೈದು ಎತ್ತು ಹೊಡೆದ. ಇಂಥ ಕಡೆ ಗೇಟು ಹಾಕಿಸಿದವರು ಎಲ್ಲಿಯಾದರೂ ಇದ್ದರೆ, ಅರ್ಜಿಯನ್ನು ಯಾರಿಗೆ ಕೊಟ್ಟಿರೆಂದು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ.