ಅಳತೆ ಬಟ್ಟೆ ಒಪ್ಪದ ಮಾಸ್ಟರು

ಬಲಗೈ ಹೆಬ್ಬೆರಳಿನ ಬುಡದಲ್ಲಿ ಅವರಿಗೊಂದು ಗಂಟಿತ್ತು. ಐವತ್ತು ವರ್ಷ ಕತ್ತರಿಯ ಹಿಡಿ ಒತ್ತಿ ಒತ್ತಿ ಹುಣಸೆ ಬೀಜದಂತೆ ಗಟ್ಟಿಯಾಗಿದ್ದ ಆ ಗಂಟನ್ನು ಮೇಜಿಗೆ ಕುಟ್ಟಿದರೆಂದರೆ, ನಮ್ಮ ಟೈಲರ್ ಮಾಸ್ಟರಿಗೆ ಎದುರಿನವರ ಮಾತು ಹಿಡಿಸಿಲ್ಲವೆಂದೇ ಅರ್ಥ. ನನ್ನೆದುರು ಅದು ದಿನಕ್ಕೆ ಹತ್ತು ಬಾರಿ ಸದ್ದು ಮಾಡುತ್ತಿತ್ತು.

ತುಮಕೂರಿನ ನಮ್ಮ ಬೀದಿಯ ಮೂಲೆಯಲ್ಲಿ ಅವರ ಅಂಗಡಿ. ಶಾಲಾ ಯೂನಿಫಾರಂ ಹೊಲಿಯುವುದು ಕಸುಬು. ಹಳೆಯ ಅಂಗಿಯನ್ನು ಅಳತೆಗೆಂದು ತಂದವರನ್ನು ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. "ಅಳತೆ ಬಟ್ಟೆ ಬೇಡಮ್ಮ, ಆಳೇ ಬರ್ಲಿ. ಹೋದ್ ವರ್ಷದ ಅಂಗಿಗೆ ಈ ವರ್ಷದ ಮಗು ಗೊತ್ತಾ?" ಗುಬ್ಬಿಯಿಂದ ಬಸ್ಸಿನಲ್ಲಿ ಬಂದವರಿಗೂ ರಿಯಾಯಿತಿಯಿಲ್ಲ. ಇದು ಶುದ್ಧ ಹಟವೆಂದು ನಾನು ಬೈಯುತ್ತಿದ್ದೆ.

ನನ್ನ ಹಟ ಬೇರೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಸ್ವಂತವಾಗಿ ಓದಿ ಕಲಿತವನು; ಸರ್ಕಾರವನ್ನಾಗಲಿ ಪತ್ರಿಕೆಯನ್ನಾಗಲಿ ಸುಮ್ಮನೆ ನಂಬಿದವನಲ್ಲ. ಮೊಬೈಲಿಗೆ ಬಂದದ್ದನ್ನೆಲ್ಲ "ಇದು ನಿಜವೇ? ಬಲ್ಲವರು ತಿಳಿಸಿ" ಎಂದು ಬರೆದು ಹತ್ತಾರು ಗ್ರೂಪುಗಳಿಗೆ ದಾಟಿಸುತ್ತಿದ್ದೆ. ಅದನ್ನೇ ವಿಚಾರಶೀಲತೆ ಎಂದುಕೊಂಡಿದ್ದೆ.

ಹದಿನಾರು ತುಂಬದ ಮಕ್ಕಳನ್ನು ಸಾಮಾಜಿಕ ಜಾಲತಾಣಗಳಿಂದ ದೂರವಿಡಬೇಕೇ ಎಂದು ಸರ್ಕಾರದಲ್ಲಿ ಚರ್ಚೆ ಎದ್ದಿದ್ದ ಕಾಲ. ನಮ್ಮ ಸಮುದಾಯ ಭವನದಲ್ಲೂ ಒಂದು ಸಭೆ ನಡೆಯಿತು. ವೇದಿಕೆಯ ಮೇಲೂ ಕೆಳಗೂ ನರೆತ ತಲೆಗಳೇ. ಒಂದು ಮಗುವನ್ನೂ ಕರೆದಿರಲಿಲ್ಲ. ಮಕ್ಕಳಿಗೆ ವಿವೇಚನೆಯಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಹರಡುತ್ತಾರೆ, ಕಾನೂನು ಬರಲೇಬೇಕು ಎಂದು ನಾನು ಗುಡುಗಿದೆ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ಮಾಸ್ಟರು ಎದ್ದರು. "ಯಜಮಾನ್ರೇ, ನನ್ ಮೊಮ್ಮಗಳ ವಿಡಿಯೋ ಊರಿಗೆಲ್ಲಾ ಕಳ್ಸಿದವ್ನು ಎಷ್ಟನೇ ಕ್ಲಾಸು?"

ಅವರು ಎತ್ತಿ ತೋರಿಸಿದ ಮೊಬೈಲಿನಲ್ಲಿ ಇದ್ದುದು ನನ್ನ ಹೆಸರು.

ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಹೆಲ್ಮೆಟ್ ಹಾಕಿದ ಯುವಕನ ಬೈಕ್ ಏರುವ ದೃಶ್ಯ, ಓಡಿಹೋದಳೆಂಬ ಒಕ್ಕಣೆ. ಹಿಂದಿನ ವಾರ ನನಗೆ ಬಂದಿತ್ತು. ಬೆನ್ನ ಹಿಂದಿನಿಂದ ತೆಗೆದದ್ದಾದ್ದರಿಂದ ಗುರುತು ಸಿಗದೆ, ಎಂದಿನಂತೆ "ನಿಜವೇ" ಎಂದು ದಾಟಿಸಿದ್ದೆ. ಮಾಸ್ಟರಿಗೆ ತಮ್ಮ ಹೊಲಿಗೆಯ ಗುರುತು ಸಿಕ್ಕಿತ್ತು. ಬೈಕಿನವನು ಅವರ ಕಿರಿಯ ಮಗ, ಹುಡುಗಿಯ ಸೋದರಮಾವ. ಅಷ್ಟರಲ್ಲಿ ವಿಡಿಯೋ ಹುಡುಗಿಯ ತಂದೆಯ ಊರಾದ ಕುಣಿಗಲ್ ಮುಟ್ಟಿತ್ತು. ಅಜ್ಜನ ಮನೆಯಲ್ಲಿದ್ದು ಹತ್ತನೇ ತರಗತಿ ಓದುತ್ತಿದ್ದವಳನ್ನು ತಂದೆ ಶಾಲೆ ಬಿಡಿಸಿ ಅಲ್ಲಿಗೆ ಕರೆದೊಯ್ದಿದ್ದರು.

"ನಾನು ಬರೀ ಕೇಳಿದ್ದು ಮಾಸ್ಟ್ರೇ," ಎಂದೆ.

"ಕೇಳೋದಾದ್ರೆ ಒಬ್ರನ್ನ ಕೇಳ್ಬೇಕು ಕಣ್ರೀ. ಊರಿಗೆಲ್ಲಾ ಕೇಳಿದ್ರೆ ಅದು ಡಂಗೂರ."

"ತಪ್ಪಾಯ್ತು ಅಂತ ಈಗ್ಲೇ ಮೆಸೇಜ್ ಹಾಕ್ತೀನಿ."

ಗಂಟು ಕುರ್ಚಿಯ ಬೆನ್ನಿಗೆ ಬಡಿಯಿತು. "ಮೆಸೇಜ್ ಬೇಡ. ಆಳೇ ಬರ್ಲಿ."

ಮರುದಿನ ಮಾಸ್ಟರು ನನ್ನನ್ನು ಕುಣಿಗಲ್ ಬಸ್ಸು ಹತ್ತಿಸಿ ಜೊತೆಗೇ ಬಂದರು. ನಾನು ತಪ್ಪೊಪ್ಪಿಕೊಂಡಾಗ ಹುಡುಗಿಯ ತಂದೆ ಹೇಳಿದರು: "ಅದು ಅವಳ ಮಾವನ ಬೈಕು ಅಂತ ನಂಗೂ ಗೊತ್ತು ಸಾರ್. ಈ ಬೀದಿಗೆ ಗೊತ್ತಾ?" ಮಾಸ್ಟರು ನನ್ನ ತೋಳು ಹಿಡಿದು ಬೀದಿಗಿಳಿಸಿದರು. ಹೋಟೆಲು, ಹಿಟ್ಟಿನ ಗಿರಣಿ, ಕೊನೆಗೆ ಕ್ಷೌರದಂಗಡಿ. ವಿಚಾರಿಸದೆ ಸುಳ್ಳು ಹರಡಿದವನು ನಾನೇ ಎಂದು ಒಂದೊಂದು ಕಡೆಯೂ ಬಾಯಿಬಿಟ್ಟು ಹೇಳಿದೆ. "ಈ ವಯಸ್ಸಲ್ಲಿ ಇದೆಲ್ಲಾ ಯಾಕ್ ಬೇಕಿತ್ತು ತಾತ?" ಎಂದು ಕ್ಷೌರದವನು ನಕ್ಕ. ಮುಂದಿನ ಸೋಮವಾರ ಹುಡುಗಿ ಶಾಲೆಗೆ ಮರಳಿದಳು. ನನ್ನನ್ನು ಕಂಡರೆ ಮಾತ್ರ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಅದು ಅವಳ ಹಕ್ಕು.

ಮಾಸ್ಟರು ನನ್ನನ್ನು ಕ್ಷಮಿಸಿದರೆಂದು ಹೇಳಲಾರೆ. ನಮ್ಮ ಜಗಳ ನಿಲ್ಲಲಿಲ್ಲ, ನನಗೆ ಅಂಗಿ ಹೊಲಿದುಕೊಡುವುದನ್ನೂ ಅವರು ನಿಲ್ಲಿಸಲಿಲ್ಲ. ಆ ಕಾನೂನಿನ ಮಾತೆತ್ತಿ ಎಳೆಯರ ಕೈ ಕಟ್ಟಬೇಕೆನ್ನುವ ನನ್ನ ಓರಗೆಯವರನ್ನು ಕಂಡರೆ ಈಗ ಮೈಯುರಿಯುತ್ತದೆ. ಬೆಳಗೆದ್ದು ಹಲ್ಲುಜ್ಜುವ ಮೊದಲೇ ನಾಲ್ಕು ಹಸಿ ಸುಳ್ಳುಗಳನ್ನು ದಾಟಿಸುವವರು ಅವರೇ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಮಾಸ್ಟರು ತೀರಿಕೊಂಡರೆಂದು ಗ್ರೂಪಿನಲ್ಲಿ ಸುದ್ದಿ ಬಂತು. ಬೆರಳು ಹಳೆಯ ಚಾಳಿಯಂತೆ "ಇದು ನಿಜವೇ" ಎಂದು ಬರೆಯಹೊರಟಿತು. ಮೊಬೈಲನ್ನು ಮೇಜಿನ ಮೇಲೆ ಬಿಟ್ಟು, ಚಪ್ಪಲಿ ಮೆಟ್ಟಿ, ಅವರ ಮನೆಗೆ ನಡೆದೆ.

ಮನೆಯ ಮುಂದೆ ಸಾವಿನ ಬೆಂಕಿ ಹೊಗೆಯಾಡುತ್ತಿತ್ತು, ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. ನನ್ನನ್ನು ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.